ಗೀತಶ್ರವಣವೂ ಸಾತ್ತ್ವಿಕಭಾವಗಳೂ: ಕಲ್ಯಾಣದ ಮೂರು ವಚನಗಳನ್ನು ಕುರಿತ ವಿಮರ್ಶೆ

೧

ಗೀತವನ್ನು ಕೇಳುತ್ತಿರುವವನ ಮೈಯಲ್ಲಿ ಅವನ ಅಪ್ಪಣೆಯನ್ನು ಕಾಯದೆ ಕೆಲವು ವಿಕಾರಗಳು ತಲೆದೋರುವುದುಂಟು. ರೋಮ ನಿಮಿರುವುದು, ಕಣ್ಣು ಒದ್ದೆಯಾಗುವುದು, ಕೊರಳು ಬಿಗಿಯುವುದು, ಉಸಿರಿನ ನಡೆ ಬದಲಾಗುವುದು. ಇವನ್ನು ಬೇಕೆಂದು ತಂದುಕೊಳ್ಳುವುದು ಕಷ್ಟ. ಬಂದಾಗ ಬೇಡವೆಂದು ತಡೆಯುವುದು ಇನ್ನೂ ಕಷ್ಟ. ನಮ್ಮ ಪ್ರಾಚೀನ ಲಾಕ್ಷಣಿಕರು ಈ ಜಾತಿಯ ವಿಕಾರಗಳಿಗೆ ಸಾತ್ತ್ವಿಕಭಾವಗಳೆಂದು ಹೆಸರಿಟ್ಟು, ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂದು ಎಂಟಾಗಿ ಎಣಿಸಿದರು. ಈಗಿನ ಶರೀರಶಾಸ್ತ್ರಜ್ಞರು ಇವುಗಳಲ್ಲಿ ಬಹುಭಾಗವನ್ನು ಇಚ್ಛೆಗೆ ಒಳಪಡದ, ಸ್ವಯಂಚಾಲಿತವೆನಿಸಿದ ನರಮಂಡಲದ ಕ್ರಿಯೆಗಳೆಂದು ವಿವರಿಸುವರು.

ಈ ಎರಡು ವಿವರಣೆಗಳನ್ನು ಎದುರುಬದುರಾಗಿ ಇಟ್ಟೊಡನೆ ಎರಡು ಬಗೆಯ ಆತುರದ ತೀರ್ಮಾನಗಳು ಹುಟ್ಟುವುವು. ಒಂದು ಪಕ್ಷದವರು, ನಮ್ಮ ಶಾಸ್ತ್ರದಲ್ಲಿ ಇದೆಲ್ಲವೂ ಹಿಂದೆಯೇ ಇದ್ದಿತು, ಅನ್ಯರು ಈಗ ಯಂತ್ರಗಳಿಂದ ಅದನ್ನೇ ಕಂಡುಕೊಂಡರು ಎಂದು ತೃಪ್ತಿಪಡುವರು. ಇನ್ನೊಂದು ಪಕ್ಷದವರು, ರಸವೆಂಬುದು ನರಗಳ ಮಿಡಿತವಲ್ಲದೆ ಬೇರೇನೂ ಅಲ್ಲ, ಆದಕಾರಣ ಲಾಕ್ಷಣಿಕರ ಶ್ರಮವೆಲ್ಲವೂ ವ್ಯರ್ಥ ಎನ್ನುವರು. ಮೊದಲನೆಯವರು ಶಾಸ್ತ್ರವನ್ನು ಓದದೆ ಹೊಗಳುವರು. ಎರಡನೆಯವರು ಓದದೆ ತೆಗಳುವರು. ನಡುವೆ ನಿಂತ ಅಧ್ಯಾಪಕನು ಎಂಟು ಹೆಸರುಗಳನ್ನು ವಿದ್ಯಾರ್ಥಿಗಳಿಂದ ಬಾಯಿಪಾಠ ಮಾಡಿಸಿ ಮುಂದಿನ ಪ್ರಕರಣಕ್ಕೆ ಹೋಗುವನು. ಸಂಸ್ಕೃತ ಪಾಠಶಾಲೆಗಳಲ್ಲಿ ಕಲಿತವರೂ ಕಲಿಸಿದವರೂ ಈ ಕ್ರಮವನ್ನು ಚೆನ್ನಾಗಿ ಬಲ್ಲರು.

ಈ ವಿಷಯವನ್ನು ಕಲ್ಯಾಣವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಉಚಿತವೆಂದು ನನ್ನ ಅಭಿಪ್ರಾಯ. ಇಂದು ಬೀದರ ಜಿಲ್ಲೆಯಲ್ಲಿ ಹುಮನಾಬಾದಿಗೆ ನೆರೆಯ ತಾಲ್ಲೂಕಾಗಿರುವ ಬಸವಕಲ್ಯಾಣವೇ ಹನ್ನೆರಡನೆಯ ಶತಮಾನದ ಚಾಲುಕ್ಯ ರಾಜಧಾನಿ. ಅಲ್ಲಿ ಅರ್ಧ ಶತಮಾನದೊಳಗೆ ಎರಡು ರಾಜಕೃತ ಸಂಗೀತಲಕ್ಷಣಗಳು ಹುಟ್ಟಿದುವು. ಅದೇ ಅರ್ಧ ಶತಮಾನದೊಳಗೆ, ಮೈಯನ್ನೇ ವಾದ್ಯವಾಗಿ ಕಂಡ ಬಸವಣ್ಣನವರ ವಚನವೂ, ಗೀತವಿದ್ಯೆಯನ್ನು ಒಲ್ಲೆನೆಂಬ ವಚನವೂ, ನಾದದ ಮಹಿಮೆಯನ್ನೇ ನಿರಾಕರಿಸುವ ವಚನವೂ ಹುಟ್ಟಿದುವು. ಗೀತವು ಮೈಯನ್ನು ಏನು ಮಾಡುವುದು, ಆ ಮಾಡುವಿಕೆಗೆ ಬೆಲೆ ಎಷ್ಟು ಎಂಬ ಪ್ರಶ್ನೆಗೆ ಇಷ್ಟು ಹತ್ತಿರ ಹತ್ತಿರದಲ್ಲಿ ಇಷ್ಟು ಬೇರೆ ಬೇರೆ ಉತ್ತರಗಳು ದೊರೆಯುವ ಇನ್ನೊಂದು ಊರು ಕನ್ನಡನಾಡಿನಲ್ಲಿ ನನಗೆ ಕಾಣದು.

೨

ಮೊದಲು ಲಕ್ಷಣಗ್ರಂಥಗಳನ್ನು ನೋಡುವೆವು. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಅಭಿಲಷಿತಾರ್ಥಚಿಂತಾಮಣಿಯೆಂಬ ಇನ್ನೊಂದು ಹೆಸರುಳ್ಳ ಮಾನಸೋಲ್ಲಾಸವನ್ನು ಕ್ರಿ. ಶ. ೧೧೨೯ರಲ್ಲಿ ರಚಿಸಿದನು. ಐದು ವಿಂಶತಿಗಳಾಗಿ ನೂರು ಅಧ್ಯಾಯಗಳುಳ್ಳ ಈ ಗ್ರಂಥದ ವಿನೋದವಿಂಶತಿಯಲ್ಲಿ ಗೀತ, ವಾದ್ಯ, ನೃತ್ಯಗಳಿಗೆ ಒಂದೊಂದು ವಿನೋದವು ಮೀಸಲಾಗಿದೆ. ಅವನ ಮಗನಾದ ಇಮ್ಮಡಿ ಜಗದೇಕಮಲ್ಲನು ಸಂಗೀತಚೂಡಾಮಣಿಯನ್ನು ಬರೆದನು. ದೇವಗಿರಿಯ ಯಾದವ ಸಿಂಘಣನ (೧೨೧೦–೧೨೪೭) ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದ ಆರಂಭದಲ್ಲಿ ಪೂರ್ವಾಚಾರ್ಯರನ್ನು ಎಣಿಸುವಾಗ ಈ ತಂದೆ ಮಕ್ಕಳಿಬ್ಬರನ್ನೂ ಸ್ಮರಿಸಿರುವನು. ಆದುದರಿಂದ ಕಲ್ಯಾಣದ ಶಾಸ್ತ್ರವು ದೇವಗಿರಿಯ ಶಾಸ್ತ್ರಕ್ಕೆ ಮೂಲಧನಗಳಲ್ಲಿ ಒಂದೆಂದು ಹೇಳಲಡ್ಡಿಯಿಲ್ಲ.

ಮಾನಸೋಲ್ಲಾಸದ ಗೀತಪ್ರಕರಣದಲ್ಲಿ ನಮ್ಮ ವಿಚಾರಕ್ಕೆ ಮುಖ್ಯವಾದ ಒಂದು ದೃಷ್ಟಿಯುಂಟು. ಸೋಮೇಶ್ವರನು ಗೀತವನ್ನು ಸ್ವರ, ರಾಗಗಳಿಂದ ಮಾತ್ರ ವಿಂಗಡಿಸದೆ, ಅದು ಎಲ್ಲಿ, ಯಾವ ಕೆಲಸದ ನಡುವೆ ಹಾಡಲ್ಪಡುವುದೆಂಬುದರಿಂದಲೂ ವಿಂಗಡಿಸಿರುವನು. ಧಾನ್ಯ ಕುಟ್ಟುವ ಹೆಂಗಸರ ಹಾಡು, ಕಥೆ ಹೇಳುವವರ ಷಟ್ಪದಿ, ಮದುವೆಯ ಧವಳ, ಹಬ್ಬದ ಮಂಗಳ ಮತ್ತು ಚಚ್ಚರಿ, ಧ್ಯಾನಿಗಳ ಚರ್ಯಾ ಎಂದು ಒಂದೊಂದಕ್ಕೂ ಅದರದರ ಪ್ರಸಂಗವಿದೆ. ಒನಕೆಯ ಏಟಿಗೆ ಹೊಂದಿದ ಹಾಡಿನಲ್ಲಿ ಉಸಿರು ನಡೆಯುವ ರೀತಿ ಬೇರೆ. ಕಣ್ಣು ಮುಚ್ಚಿ ಕೇಳುವ ಹಾಡಿನಲ್ಲಿ ಉಸಿರು ನಡೆಯುವ ರೀತಿ ಬೇರೆ. ಕೇಳುವವನ ಮೈಯನ್ನು ಅವನ ಪ್ರಸಂಗದಿಂದ ಬೇರ್ಪಡಿಸಿ ನೋಡಲಾಗದೆಂಬ ಸಂಗತಿ ಈ ವಿಂಗಡಣೆಯಲ್ಲಿ ಅಡಗಿರುವುದು. ಅರಸನು ಅದನ್ನು ಸಿದ್ಧಾಂತವಾಗಿ ಹೇಳಲಿಲ್ಲ. ಲೋಕವನ್ನು ಕಂಡು ಪಟ್ಟಿಮಾಡಿದನು. ಆದರೂ ಈ ಪಟ್ಟಿಯನ್ನು ಮರೆತವರು ಮುಂದೆ ಯಾವ ತಪ್ಪಿಗೆ ಬೀಳುವರೆಂಬುದನ್ನು ನಾಲ್ಕನೆಯ ಭಾಗದಲ್ಲಿ ಕಾಣುವೆವು.

ಶಾರ್ಙ್ಗದೇವನಾದರೋ ಶರೀರವನ್ನೇ ಗ್ರಂಥದ ಬಾಗಿಲಲ್ಲಿ ನಿಲ್ಲಿಸಿದನು. ಸ್ವರಗತಾಧ್ಯಾಯದ ಪಿಂಡೋತ್ಪತ್ತಿಪ್ರಕರಣದಲ್ಲಿ ಗರ್ಭದ ಬೆಳವಣಿಗೆ, ಧಾತುಗಳು, ಎಲುಬುಗಳು, ನಾಡಿಗಳು, ಚಕ್ರಗಳು ಎಲ್ಲವೂ ವಿಸ್ತಾರವಾಗಿ ಬರುವುವು. ಆತ್ಮನು ನುಡಿಯಲಿಚ್ಛಿಸಿ ಮನಸ್ಸನ್ನು ಪ್ರೇರಿಸುವನು. ಮನಸ್ಸು ದೇಹಾಗ್ನಿಯನ್ನು ತಟ್ಟುವುದು. ಅಗ್ನಿಯು ಗಾಳಿಯನ್ನು ಮೇಲಕ್ಕೆಬ್ಬಿಸುವುದು. ಅದು ನಾಭಿ, ಹೃದಯ, ಕಂಠ, ಶಿರಸ್ಸು, ಮುಖಗಳಲ್ಲಿ ನಾದವಾಗಿ ತೋರುವುದು. ಹೃದಯದಲ್ಲಿ ಅಡ್ಡಲಾಗಿ ಹಬ್ಬಿದ ಇಪ್ಪತ್ತೆರಡು ನಾಡಿಗಳಿಂದ ಇಪ್ಪತ್ತೆರಡು ಶ್ರುತಿಗಳು ಹುಟ್ಟುವುವು. ಅನಾಹತಚಕ್ರದ ಹನ್ನೆರಡು ದಳಗಳಲ್ಲಿ ಒಂದು, ಎಂಟು, ಹನ್ನೊಂದು, ಹನ್ನೆರಡನೆಯವುಗಳಲ್ಲಿ ಜೀವನು ನೆಲೆಸಿದರೆ ಗೀತವು ಸಿದ್ಧಿಸುವುದು. ನಾಲ್ಕು, ಆರು, ಹತ್ತನೆಯವುಗಳಲ್ಲಿ ನೆಲೆಸಿದರೆ ಕೆಡುವುದು.

ಈ ಪ್ರಕರಣವನ್ನು ಮುಂದಿಟ್ಟುಕೊಂಡು, ನಾಡಿಗಳೂ ಗೀತವೂ ಕೂಡುವ ಬಗೆಯನ್ನು ನಮ್ಮವರು ಆಗಲೇ ಬಲ್ಲವರಾಗಿದ್ದರೆಂದು ಹೇಳುವ ವಾಡಿಕೆಯುಂಟು. ಆದರೆ ಪ್ರಕರಣವನ್ನು ನಿಧಾನವಾಗಿ ಓದಿದವರಿಗೆ ಒಂದು ಸಂಗತಿ ಸ್ಪಷ್ಟವಾಗುವುದು. ಇಲ್ಲಿ ವರ್ಣಿತವಾದುದು ಹಾಡುವವನ ಶರೀರ, ಕೇಳುವವನ ಶರೀರವಲ್ಲ. ನಾದವು ಮೈಯಿಂದ ಹೇಗೆ ಹೊರಡುವುದೆಂಬುದು ಇಲ್ಲಿಯ ವಿಷಯ. ಹೊರಟ ನಾದವು ಇನ್ನೊಬ್ಬನ ಮೈಯೊಳಗೆ ಹೊಕ್ಕು ಏನು ಮಾಡುವುದೆಂಬುದು ಅಲ್ಲ. ಈ ನಾಡಿಗಳನ್ನು ಇಂದಿನ ಶ್ರವಣವಿಚಾರಕ್ಕೆ ಸಾಕ್ಷಿಯಾಗಿ ಕರೆಯುವುದು, ಕೊಟ್ಟವನ ಪತ್ರವನ್ನು ಕೊಂಡವನ ಪತ್ರವೆಂದು ಓದಿದಂತೆ.

೩

ಹಾಗಾದರೆ ಕೇಳುವವನ ಮೈಯ ವಿಚಾರವು ನಮ್ಮ ಶಾಸ್ತ್ರದಲ್ಲಿ ಇಲ್ಲವೆ? ಉಂಟು, ಆದರೆ ನಾವು ಹುಡುಕುವ ಎಡೆಯಲ್ಲಿ ಇಲ್ಲ.

ಸಾತ್ತ್ವಿಕಭಾವಗಳು ನಾಟ್ಯಶಾಸ್ತ್ರದ ಏಳನೆಯ ಅಧ್ಯಾಯದಲ್ಲಿ ನಿರೂಪಿತವಾಗಿವೆ. ಸತ್ತ್ವವೆಂಬುದು ಮನಸ್ಸಿನಿಂದ ಹುಟ್ಟುವುದು, ಮನಸ್ಸು ಸಮಾಹಿತವಾದಾಗ ಮಾತ್ರ ತೋರುವುದು, ಬೇರೆಡೆ ಮನಸ್ಸಿಟ್ಟವನಿಂದ ಅದು ಅಸಾಧ್ಯವೆಂದು ಭರತನ ಆಶಯ. ದುಃಖವಿಲ್ಲದವನು ಅಳುವುದೆಂತು, ಹರ್ಷವಿಲ್ಲದವನು ಪುಲಕಗೊಳ್ಳುವುದೆಂತು ಎಂಬುದು ನಟನ ಮುಂದಿರುವ ತೊಡಕು. ಇಚ್ಛೆಗೆ ಒಳಪಡದುದನ್ನು ಇಚ್ಛೆಯಿಂದ ತರಬೇಕಾದ ವಿಚಿತ್ರವಾದ ಹೊಣೆ ನಟನದು. ಅದಕ್ಕಾಗಿಯೇ ಭರತನು ಈ ಎಂಟನ್ನೂ ಪ್ರತ್ಯೇಕಿಸಿ ಕಾರಣಗಳೊಡನೆ ಹೇಳಿದನು. ಇಲ್ಲಿರುವುದು ಪಾತ್ರದ ಮೈ, ಅದನ್ನು ತಾಳಿದ ನಟನ ಮೈ. ಕನ್ನಡದಲ್ಲಿ ರಸಪ್ರಕ್ರಿಯೆಯನ್ನೇ ವಿಷಯವಾಗಿಸಿಕೊಂಡ ಕವಿಕಾಮನ ಶೃಂಗಾರರತ್ನಾಕರ, ಸಾಳ್ವನ ರಸರತ್ನಾಕರ ಮೊದಲಾದುವು ನಡೆದುದೂ ಸಂಸ್ಕೃತದ ಈ ಹಾದಿಯಲ್ಲಿಯೇ. ಆದಕಾರಣ ನಮ್ಮ ವಿದ್ಯಾರ್ಥಿಗೆ ರೋಮಾಂಚವೆಂದರೆ ನಾಯಿಕೆಯ ರೋಮಾಂಚ. ಅಶ್ರುವೆಂದರೆ ವಿರಹಿಣಿಯ ಅಶ್ರು.

ಪ್ರೇಕ್ಷಕನ ಮೈಯನ್ನು ಕಾಣಬೇಕಾದರೆ ಇಪ್ಪತ್ತೇಳನೆಯದಾದ ಸಿದ್ಧಿಯ ಅಧ್ಯಾಯಕ್ಕೆ ಹೋಗಬೇಕು. ಪ್ರಯೋಗವು ಫಲಿಸಿತೆಂದು ತಿಳಿಯುವುದು ಹೇಗೆಂಬ ಪ್ರಶ್ನೆಗೆ ಭರತನು ಅಲ್ಲಿ ಉತ್ತರ ಹೇಳುವನು. ಮಾನುಷಿಯಾದ ಸಿದ್ಧಿಯಲ್ಲಿ ವಾಙ್ಮಯಿ, ಶಾರೀರಿ ಎಂದು ಎರಡು ಬಗೆ. ನಗೆ, ಸಾಧುವಾದ, ಅಹೋ ಎಂಬ ಉದ್ಗಾರ, ಅಯ್ಯೋ ಎಂಬ ಮರುಕ ಇವು ಮೊದಲನೆಯವು. ರೋಮಾಂಚದಿಂದ ಕೂಡಿದ ಪುಲಕ, ಎದ್ದು ನಿಲ್ಲುವುದು, ಉಟ್ಟ ಬಟ್ಟೆಯನ್ನು ತೆಗೆದು ಕೊಡುವುದು, ಬೆರಳಾಡಿಸುವುದು ಇವು ಎರಡನೆಯವು. ಈ ಶಾರೀರಿಯಲ್ಲಿ ಎದ್ದು ನಿಲ್ಲುವುದೂ ಬಟ್ಟೆ ಕೊಡುವುದೂ ಬೆರಳಾಡಿಸುವುದೂ ಇಚ್ಛೆಯ ಕಾರ್ಯಗಳು. ಅನಿಚ್ಛೆಯಿಂದ ಬರುವುದು ಪುಲಕವೊಂದೇ. ಎಂಟು ಸಾತ್ತ್ವಿಕಗಳಲ್ಲಿ ಸಭೆಯ ಲಕ್ಷಣವಾಗಿ ಭರತನು ಆರಿಸಿಕೊಂಡುದು ಇದೊಂದನ್ನೇ. ಇವೆಲ್ಲಕ್ಕೂ ಮೇಲಾಗಿ ದೈವಿಕೀಸಿದ್ಧಿಯೆಂಬುದೊಂದುಂಟು. ಸಭೆಯು ತುಂಬಿದ್ದರೂ ಸದ್ದಿಲ್ಲ, ಕಲಕಿಲ್ಲ. ಆಗ ಪ್ರಯೋಗವು ದೈವಿಕವಾಗಿ ಸಿದ್ಧಿಸಿತು. ಮೈಯ ಲಕ್ಷಣಗಳನ್ನು ಎಣಿಸಿದ ಮುನಿಯೇ ಲಕ್ಷಣವಿಲ್ಲದ ಮೌನವನ್ನು ಅವುಗಳಿಗಿಂತ ಎತ್ತರದಲ್ಲಿಟ್ಟನೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಅಭಿನವಗುಪ್ತನು ಈ ಎರಡು ಅಧ್ಯಾಯಗಳ ನಡುವಣ ಕಂದಕವನ್ನು ತುಂಬಿದನು. ಚಮತ್ಕಾರದಿಂದ ಹುಟ್ಟುವ ಕಂಪ, ಪುಲಕ ಮೊದಲಾದ ವಿಕಾರಗಳಿಗೂ ಚಮತ್ಕಾರವೆಂಬ ಹೆಸರೇ ಸಲ್ಲುವುದೆಂದು ಅಭಿನವಭಾರತಿಯಲ್ಲಿ ಆತನು ಹೇಳುವನು. ತಂತ್ರಾಲೋಕದಲ್ಲಿ ಇನ್ನೂ ಮುಂದೆ ಹೋಗಿ, ಮಧುರವಾದ ಗೀತವನ್ನು ಕೇಳುವಾಗ ಉದಾಸೀನತೆ ಕಳೆದು ಹೃದಯದಲ್ಲಿ ಉಂಟಾಗುವ ಸ್ಪಂದವೇ ಆನಂದಶಕ್ತಿಯೆಂದೂ, ಅದುಳ್ಳವನೇ ಸಹೃದಯನೆಂದೂ ಪ್ರತಿಪಾದಿಸುವನು. ಸಹೃದಯನೆಂಬ ಪದವನ್ನು ನಾವು ಪಂಡಿತನೆಂಬುದಕ್ಕೆ ಪರ್ಯಾಯವಾಗಿ ಬಳಸಿ ಸವೆಯಿಸಿದ್ದೇವೆ. ಆಚಾರ್ಯನ ಲಕ್ಷಣದಲ್ಲಿ ಅದು ಗೀತಶ್ರವಣದಿಂದ ಎದೆ ಮಿಡಿಯುವವನ ಹೆಸರು.

ಹೀಗೆ ಶಾಸ್ತ್ರದಲ್ಲಿ ಮೂರು ಶರೀರಗಳಿವೆ: ಹಾಡುವವನದು, ಪಾತ್ರದ್ದು, ಕೇಳುವವನದು. ಮೂರಕ್ಕೂ ಮೂರು ಪ್ರಕರಣಗಳು. ಇವುಗಳನ್ನು ಒಂದರೊಡನೊಂದು ಕಲಸಿದುದೇ ಈಗಿನ ಗೊಂದಲಕ್ಕೆ ಕಾರಣ.

೪

ಇನ್ನು ನೂತನ ಶಾಸ್ತ್ರದ ವಿಚಾರ. ಕೇಂಬ್ರಿಜ್ಜಿನ ಲ್ಯಾಂಗ್ಲಿ ಎಂಬ ಶರೀರಶಾಸ್ತ್ರಜ್ಞನು ೧೮೯೮ರಲ್ಲಿ ಈ ನರಮಂಡಲಕ್ಕೆ ಸ್ವಯಂಚಾಲಿತವೆಂಬ ಅರ್ಥದ ಹೆಸರನ್ನಿಟ್ಟನು. ಇದರ ಸಿಂಪಥೆಟಿಕ್ ಎಂಬ ಶಾಖೆಯು ಮೈಯನ್ನು ಎಚ್ಚರಿಸಿ ಸಜ್ಜುಗೊಳಿಸುವುದು. ಪ್ಯಾರಾಸಿಂಪಥೆಟಿಕ್ ಎಂಬ ಶಾಖೆಯು ಬಹುಮಟ್ಟಿಗೆ ತಣಿಸುವುದು. ಬೆವರಿನ ಗ್ರಂಥಿಗಳು, ರೋಮದ ಬುಡದ ಪುಟ್ಟ ಸ್ನಾಯುಗಳು, ಚರ್ಮದ ರಕ್ತನಾಳಗಳು ಮೊದಲನೆಯದರ ಅಧೀನ. ಕಣ್ಣೀರಿನ ಗ್ರಂಥಿಯು ಮುಖ್ಯವಾಗಿ ಎರಡನೆಯದರ ಅಧೀನ. ಹೃದಯದ ಗತಿ ಇಬ್ಬರ ಹಿಡಿತದಲ್ಲಿಯೂ ಇರುವುದು.

ಎಂಟು ಸಾತ್ತ್ವಿಕಗಳನ್ನು ಇದರ ಮುಂದಿಟ್ಟು ನೋಡೋಣ. ಸ್ವೇದ, ರೋಮಾಂಚ, ವೈವರ್ಣ್ಯ, ಅಶ್ರು ಈ ನಾಲ್ಕೂ ನೇರವಾಗಿ ಸ್ವಯಂಚಾಲಿತ ನರಗಳ ಕಾರ್ಯಗಳು. ಪ್ರಲಯವು, ಮೂರ್ಛೆಯೆಂಬ ಅರ್ಥದಲ್ಲಿ, ಹೃದಯದ ಗತಿಯೂ ರಕ್ತದ ಒತ್ತಡವೂ ಒಮ್ಮೆಲೇ ಕುಸಿಯುವುದರಿಂದ ಆಗಬಲ್ಲುದು. ಆದರೆ ಸ್ತಂಭ, ವೇಪಥು, ಸ್ವರಭೇದಗಳಲ್ಲಿ ತೊಡಗುವುವು ಇಚ್ಛೆಗೆ ಒಳಪಡುವ ಸ್ನಾಯುಗಳೇ; ಆ ಹೊತ್ತಿಗೆ ಇಚ್ಛೆಯ ಆಳಿಕೆ ತಪ್ಪಿರುವುದು ಮಾತ್ರ ವಿಶೇಷ. ಆದುದರಿಂದ ಸಾತ್ತ್ವಿಕಗಳೆಂದರೆ ಸ್ವಯಂಚಾಲಿತ ನರಮಂಡಲದ ಕ್ರಿಯೆಗಳೆಂಬ ಸಮೀಕರಣವು ಎಂಟರಲ್ಲಿ ಐದು ಪಾಲು ಸರಿ, ಮೂರು ಪಾಲು ತಪ್ಪು. ಇದಕ್ಕೆ ವಿಪರೀತವಾಗಿ, ನೂತನರು ಮುಖ್ಯವಾಗಿ ಅಳೆಯುವ ನಾಡಿಬಡಿತ, ರಕ್ತದ ಒತ್ತಡ, ಉಸಿರಿನ ಎಣಿಕೆಗಳು ಭರತನ ಎಂಟರಲ್ಲಿ ಇಲ್ಲ. ಕಾರಣವು ಸ್ಪಷ್ಟ. ಭರತನ ಪಟ್ಟಿಯು ರಂಗದ ಮೇಲೆ ಕಣ್ಣಿಗೆ ಕಾಣುವುದನ್ನೂ ಕಿವಿಗೆ ಕೇಳುವುದನ್ನೂ ಆರಿಸಿದ ಪಟ್ಟಿ. ನಟನ ರಕ್ತದ ಒತ್ತಡದಿಂದ ಪ್ರೇಕ್ಷಕನಿಗೆ ಪ್ರಯೋಜನವಿಲ್ಲ. ಎರಡು ಪಟ್ಟಿಗಳು ಬೇರೆಯಾಗಿರುವುದು ಒಂದರ ಅಜ್ಞಾನದಿಂದಲ್ಲ, ಎರಡರ ಉದ್ದೇಶಗಳು ಬೇರೆಯಾದುದರಿಂದ.

ಕಲ್ಯಾಣದ ಸೋಮೇಶ್ವರನಿಗೆ ಸಮಕಾಲೀನನಾಗಿ ಗುಜರಾತಿನಲ್ಲಿದ್ದ ಹೇಮಚಂದ್ರನು (೧೦೮೮–೧೧೭೨) ಮಾತ್ರ ಒಳಗಣ ಕಾರಣವನ್ನು ಹುಡುಕಲು ಹೊರಟನು. ಸತ್ತ್ವವೆಂದರೆ ಪ್ರಾಣ. ಚಿತ್ತವೃತ್ತಿಯು ಪೃಥ್ವೀಪ್ರಧಾನವಾದ ಪ್ರಾಣವನ್ನು ಸೇರಿದರೆ ಸ್ತಂಭ, ಜಲಪ್ರಧಾನವಾದುದನ್ನು ಸೇರಿದರೆ ಕಣ್ಣೀರು, ತೇಜಸ್ಸಿನಿಂದ ಸ್ವೇದ ವೈವರ್ಣ್ಯಗಳು, ಆಕಾಶದಿಂದ ಪ್ರಲಯ, ವಾಯುವಿನ ಮಂದ, ಮಧ್ಯ, ತೀವ್ರವಾದ ಆವೇಶಗಳಿಂದ ಕ್ರಮವಾಗಿ ರೋಮಾಂಚ, ವೇಪಥು, ಸ್ವರಭೇದಗಳು. ಪಂಚಭೂತಗಳ ಈ ಲೆಕ್ಕವನ್ನು ಇಂದು ಯಾರೂ ಸಮರ್ಥಿಸಲಾರರು. ಆದರೂ ಮನಸ್ಸಿಗೂ ಮೈಗೂ ನಡುವೆ ಒಂದು ಮಧ್ಯವರ್ತಿಯನ್ನು ಕಲ್ಪಿಸಬೇಕೆಂಬ ಅಗತ್ಯವನ್ನು ಆತನು ಕಂಡನು, ಅದನ್ನು ಉಸಿರಿನಲ್ಲಿಟ್ಟನು. ಈ ಎರಡನೆಯ ಮಾತು ಗಮನಾರ್ಹವಾದುದು. ಉಸಿರು ಅರ್ಧ ಇಚ್ಛೆಯದು, ಅರ್ಧ ಅನಿಚ್ಛೆಯದು. ಎರಡು ರಾಜ್ಯಗಳ ಗಡಿಯಲ್ಲಿರುವ ಬಾಗಿಲು.

ಇಟಲಿಯ ಪಾವಿಯಾ ನಗರದ ವೈದ್ಯ ಲೂಚಿಯಾನೊ ಬರ್ನಾರ್ಡಿಯೂ ಸಂಗಡಿಗರೂ ೨೦೦೧ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ ಈ ಬಾಗಿಲು ಚೆನ್ನಾಗಿ ತೋರುವುದು. ಇಪ್ಪತ್ತಮೂರು ಮಂದಿ ಆರೋಗ್ಯವಂತರಿಂದ ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧರ ಮಂತ್ರವನ್ನೂ ಉಚ್ಚರಿಸಿ ನೋಡಿದರು. ಎರಡರಲ್ಲಿಯೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಹೃದಯದ ಸಹಜವಾದ ಏರಿಳಿತದ ಲಯವು ಅದರೊಡನೆ ಕೂಡಿಕೊಂಡಿತು. ಅದೇ ತಂಡದವರು ೨೦೦೬ರಲ್ಲಿ ಇಪ್ಪತ್ತನಾಲ್ಕು ಮಂದಿಗೆ, ಅವರಲ್ಲಿ ಹನ್ನೆರಡು ಮಂದಿ ಸಂಗೀತಗಾರರು, ಆರು ಬಗೆಯ ಸಂಗೀತವನ್ನು ಕೇಳಿಸಿದರು. ಅವುಗಳಲ್ಲಿ ಭಾರತದ ರಾಗವೂ ಒಂದು. ಗತಿ ಚುರುಕಾದಂತೆ ಉಸಿರೂ ನಾಡಿಯೂ ರಕ್ತದ ಒತ್ತಡವೂ ಏರಿದುವು. ಮೈಯು ಹೆಚ್ಚಾಗಿ ಗಮನಿಸಿದುದು ಗತಿಯನ್ನು. ಸಂಗೀತದ ಜಾತಿಯನ್ನಾಗಲಿ ಕೇಳುವವನ ಮೆಚ್ಚಿಕೆಯನ್ನಾಗಲಿ ಅಷ್ಟಾಗಿ ಅಲ್ಲ. ನಡುವೆ ಎರಡು ನಿಮಿಷ ಸಂಗೀತವನ್ನು ನಿಲ್ಲಿಸಿದಾಗ ನಾಡಿಯೂ ಒತ್ತಡವೂ ಮೊದಲಿದ್ದುದಕ್ಕಿಂತಲೂ ಕೆಳಗಿಳಿದುವು.

ಈ ಪರೀಕ್ಷೆಯಿಂದ ಎರಡು ಮಾತುಗಳು ಸಿದ್ಧಿಸುವುವು. ಒಂದು, ಇಂಥ ರಾಗವನ್ನು ಕೇಳಿದರೆ ಇಂಥ ವ್ಯಾಧಿ ಶಮನವಾಗುವುದೆಂದು ಶಾಸ್ತ್ರದ ಹೆಸರಿನಲ್ಲಿಯೂ ವಿಜ್ಞಾನದ ಹೆಸರಿನಲ್ಲಿಯೂ ಸಾರುವವರಿಗೆ ಇಲ್ಲಿ ಆಧಾರವಿಲ್ಲ. ಇಲ್ಲಿ ಮುಂದೆ ನಿಂತುದು ರಾಗವಲ್ಲ, ಲಯ. ಭರತನೂ ಪಾಠ್ಯದ ವಿಚಾರದಲ್ಲಿ ಹಾಸ್ಯ ಶೃಂಗಾರಗಳಿಗೆ ಮಧ್ಯಲಯ, ಕರುಣಕ್ಕೆ ವಿಲಂಬಿತ, ವೀರ ರೌದ್ರಾದಿಗಳಿಗೆ ದ್ರುತ ಎಂದು ಲಯದಿಂದಲೇ ರಸವನ್ನು ವಿಂಗಡಿಸಿದುದನ್ನು ಇಲ್ಲಿ ನೆನೆಯಬಹುದು. ಎರಡು, ನಿಲುಗಡೆಯೂ ಗೀತದ ಅಂಗ. ದೈವಿಕೀಸಿದ್ಧಿಯ ನಿಶ್ಶಬ್ದವೇ ಈ ಎರಡು ನಿಮಿಷವೆಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಮೊದಲ ಪಕ್ಷದವರ ಸಾಲಿಗೆ ನಾನೂ ಸೇರಿದಂತೆ. ಮೌನವು ಗೀತದ ಅಭಾವವಲ್ಲ, ಗೀತದ ಕಾರ್ಯವಾಗಬಲ್ಲುದೆಂಬಷ್ಟನ್ನು ಮಾತ್ರ ಎರಡು ಕಡೆಯವರೂ ಬೇರೆ ಬೇರೆ ದಾರಿಯಿಂದ ಹೇಳಿದ್ದಾರೆ.

ಪುಲಕದ ವಿಷಯವಾಗಿ ಕೆನಡಾದ ಮಾಂಟ್ರಿಯಲ್ಲಿನ ಬ್ಲಡ್ ಮತ್ತು ಜಟೋರೆ ಎಂಬವರು ೨೦೦೧ರಲ್ಲಿ ಮಾಡಿದ ಪರೀಕ್ಷೆಯು ಇನ್ನೂ ಉಪಯುಕ್ತವಾದುದು. ಸಂಗೀತಾಭ್ಯಾಸವುಳ್ಳ ಹತ್ತು ಮಂದಿ ತಮಗೆ ತಪ್ಪದೆ ಪುಲಕವನ್ನು ತರುವ ಗೀತಭಾಗವನ್ನು ತಾವೇ ಆರಿಸಿ ತಂದರು. ಪುಲಕದ ಹೊತ್ತಿನಲ್ಲಿ ಅವರ ನಾಡಿಯೂ ಉಸಿರೂ ಏರಿದುವು. ಹಸಿವು ತಣಿದಾಗ ಬೆಳಗುವ ಮಿದುಳಿನ ಭಾಗಗಳೇ ಆಗಲೂ ಬೆಳಗಿದುವು. ಆದರೆ ಒಬ್ಬನು ತಂದ ಗೀತವನ್ನು ಇನ್ನೊಬ್ಬನಿಗೆ ಕೇಳಿಸಿದಾಗ ಆ ಪುಲಕವಿಲ್ಲ. ಒಂದೇ ನಾದ, ಒಂದೇ ಬಗೆಯ ನರಗಳು, ಫಲ ಮಾತ್ರ ಬೇರೆ. ವಾಸನೆಯಿಲ್ಲದವನಿಗೆ ರಸಾಸ್ವಾದವಿಲ್ಲವೆಂದು ನಮ್ಮ ಲಾಕ್ಷಣಿಕರು ಹೇಳಿದುದಕ್ಕೆ ಇದಕ್ಕಿಂತ ಹತ್ತಿರದ ದೃಷ್ಟಾಂತವು ಬೇಕಿಲ್ಲ. ಗೀತವು ಗಿಡಮೂಲಿಕೆಯಂತೆ ಮೈಯ ಮೇಲೆ ನೇರವಾಗಿ ಕೆಲಸಮಾಡುವುದಿಲ್ಲ. ಕೇಳುವವನ ಬಾಳಿನ ಮೂಲಕ ಮಾಡುವುದು. ಸೋಮೇಶ್ವರನು ಗೀತವನ್ನು ಪ್ರಸಂಗದೊಡನೆ ಕಟ್ಟಿಟ್ಟುದರ ಬೆಲೆ ಇಲ್ಲಿ ತಿಳಿಯುವುದು.

೫

ಈಗ ವಚನಗಳಿಗೆ ಬರೋಣ. ಬಸವಣ್ಣನವರ ಒಂದು ವಚನದಲ್ಲಿ, ತನ್ನ ಕಾಯವನ್ನು ವೀಣೆಯ ದಂಡಿಗೆಯಾಗಿ, ಶಿರಸ್ಸನ್ನು ಸೋರೆಯಾಗಿ, ನರವನ್ನು ತಂತಿಯಾಗಿ, ಬೆರಳನ್ನು ಕಡ್ಡಿಯಾಗಿ ಮಾಡಿಕೊಂಡು, ಮೂವತ್ತೆರಡು ರಾಗಗಳನ್ನು ಹಾಡೆಂದೂ, ಎದೆಗೊತ್ತಿ ನುಡಿಸೆಂದೂ ಭಕ್ತನು ಕೂಡಲಸಂಗಮದೇವನನ್ನು ಬೇಡುವನು. ಇದು ಅಧ್ಯಾಪಕರೆಲ್ಲರಿಗೂ ಸುಪರಿಚಿತವಾದ ವಚನವಷ್ಟೆ.

ಇಲ್ಲಿಯ ನರವೆಂಬ ಮಾತನ್ನು ಕಂಡು, ಗೀತಕ್ಕೂ ನರಮಂಡಲಕ್ಕೂ ಇರುವ ಸಂಬಂಧವನ್ನು ಬಸವಣ್ಣನವರು ಅಂದೇ ಹೇಳಿದರೆಂದು ಅರ್ಥಮಾಡುವುದು ಸುಲಭ, ಆದರೆ ಸಾಧುವಲ್ಲ. ಕನ್ನಡದ ನರವೆಂಬ ನುಡಿಯು ಸ್ನಾಯುವಿಗೂ ಸಿರೆಗೂ ಸಲ್ಲುವ ಹಳೆಯ ನುಡಿ. ಮಿದುಳಿನಿಂದ ಹೊರಟ ಸಂದೇಶವಾಹಿನಿಯೆಂಬ ಅರ್ಥವನ್ನು ನಾವು ಅದಕ್ಕೆ ಕೊಟ್ಟುದು ಈಚೆಗೆ. ಅಂದಿನ ವೀಣೆಗಳ ತಂತಿಗೆ ಪ್ರಾಣಿಗಳ ಕರುಳನ್ನೂ ನರವನ್ನೂ ಹೊಸೆದು ಬಳಸುವುದು ಇದ್ದಿತು. ಆದುದರಿಂದ ನರವು ತಂತಿಯಾಗುವುದು ವಾದ್ಯ ಮಾಡುವವನ ಕಣ್ಣಿನಿಂದ ಕಂಡ ರೂಪಕ. ವೈದ್ಯನ ಕಣ್ಣಿನಿಂದ ಕಂಡುದಲ್ಲ. ಅದರ ಹಿಂದೆ ರಾವಣನ ಕಥೆಯೂ ನಿಂತಿದೆ. ತನ್ನ ತಲೆಯನ್ನು ಸೋರೆಯಾಗಿಸಿ, ನರವನ್ನು ಕಿತ್ತು ತಂತಿಯಾಗಿ ಬಿಗಿದು, ಸಾಮಗಾನದಿಂದ ಕೈಲಾಸವಾಸಿಯಾದ ಶಿವನನ್ನು ಮೆಚ್ಚಿಸಿದನೆಂಬ ಆ ಕಥೆ ದಕ್ಷಿಣದೇಶದಲ್ಲೆಲ್ಲ ಪ್ರಸಿದ್ಧವಾದುದು.

ಶಬ್ದದ ಆಧಾರವು ಹೀಗೆ ಜಾರಿಹೋದರೂ ವಚನಕ್ಕೂ ನಮ್ಮ ವಿಷಯಕ್ಕೂ ಇರುವ ಸಂಬಂಧವು ಕಡಿಯುವುದಿಲ್ಲ. ಅದು ಇನ್ನೂ ಆಳಕ್ಕೆ ಹೋಗುವುದು. ಸಂಬಂಧವಿರುವುದು ನಾಮಪದದಲ್ಲಲ್ಲ, ಕ್ರಿಯಾಪದದಲ್ಲಿ. ರಾವಣನ ಕಥೆಯಲ್ಲಿ ವಾದ್ಯವೂ ರಾವಣನೇ, ವಾದಕನೂ ರಾವಣನೇ. ವಚನದಲ್ಲಿಯಾದರೋ ಭಕ್ತನು ಯಾವ ಕ್ರಿಯೆಗೂ ಕರ್ತೃವಲ್ಲ. ಮಾಡುವವನು, ಹಾಡುವವನು, ಒತ್ತುವವನು, ಬಾರಿಸುವವನು ಎಲ್ಲರೂ ಆ ದೇವನೇ. ವಿಧ್ಯರ್ಥದ ಕ್ರಿಯಾಪದಗಳೆಲ್ಲವೂ ಅವನ ಕಡೆಗೆ ತಿರುಗಿವೆ. ಕಾಯ, ಶಿರಸ್ಸು, ನರ, ಬೆರಳು ಇವುಗಳಿಗೆ ಮಾತ್ರ ತನ್ನವೆಂಬ ವಿಶೇಷಣವುಂಟು. ಕೊನೆಯಲ್ಲಿ ಬರುವ ಉರಕ್ಕೆ ಆ ವಿಶೇಷಣವಿಲ್ಲ. ಎದೆಯು ಬಾರಿಸುವವನದು. ತಂತಿಯು ತನ್ನ ಇಚ್ಛೆಯಿಂದ ಮಿಡಿಯದು. ಮಿಡಿಯೆನೆಂದು ಹಟಹಿಡಿಯಲೂ ಆರದು. ಸಾತ್ತ್ವಿಕಭಾವದ ಲಕ್ಷಣವೂ ಇದೇ ಅಲ್ಲವೆ? ಮೈ ನನ್ನದು, ಮಿಡಿತ ನನ್ನದಲ್ಲ ಎಂಬುದೇ ಅದರ ಸಾರ. ಶಾಸ್ತ್ರದಲ್ಲಿ ಬೇರೆ ಬೇರೆಯಾಗಿ ನಿಂತ ಮೂರು ಶರೀರಗಳು ಈ ವಚನದಲ್ಲಿ ಒಂದಾಗಿವೆ. ಹಾಡು ಹೊರಡುವ ಮೈಯೂ, ಭಾವಕ್ಕೆ ಆಶ್ರಯವಾದ ಮೈಯೂ, ನಾದದಿಂದ ನಡುಗುವ ಮೈಯೂ ಒಂದೇ. ಅನಿಚ್ಛೆಯ ಅನುಭವವನ್ನು ಶಾಸ್ತ್ರವು ಪಟ್ಟಿಮಾಡಿತು. ವಚನವು ಅದನ್ನು ಪ್ರಾರ್ಥನೆಯಾಗಿ ಬೇಡಿತು. ನಟನು ಅಭ್ಯಾಸದಿಂದ ತರಲು ಹೆಣಗುವುದನ್ನು ಭಕ್ತನು ತನ್ನನ್ನು ಬಿಟ್ಟುಕೊಡುವುದರಿಂದ ಪಡೆಯಲೆಳಸುವನು.

ಎರಡನೆಯ ವಚನದಲ್ಲಿ ಬಸವಣ್ಣನವರು ತಾಳಮಾನಗಳ ಲೆಕ್ಕವನ್ನಾಗಲಿ, ಛಂದಸ್ಸಿನ ಗಣಗಳನ್ನಾಗಲಿ ತಾವರಿಯೆವೆಂದೂ, ಒಲಿದಂತೆ ಹಾಡುವೆವೆಂದೂ ಹೇಳುವರು. ಗೀತವಿನೋದಕ್ಕೂ ಸಂಗೀತಚೂಡಾಮಣಿಗೂ ನೆಲೆಯಾದ ರಾಜಧಾನಿಯಲ್ಲಿ, ಅರಮನೆಯ ಅಧಿಕಾರಿಯೊಬ್ಬರ ಬಾಯಿಂದ ಈ ಮಾತು ಬಂದುದೆಂಬುದನ್ನು ನೆನೆದರೆ ಇದರ ಮೊನೆ ಕಾಣುವುದು. ಇದು ಶಾಸ್ತ್ರದ ಅಜ್ಞಾನವಲ್ಲ. ಶಾಸ್ತ್ರದ ಪರಿಭಾಷೆಯನ್ನೇ ಬಳಸಿ ಅದನ್ನು ಬದಿಗಿಡುವ ವಿವೇಕ.

ಮೂರನೆಯ ವಚನವು ಇನ್ನೂ ಕಠಿನ. ಶಿವನು ನಾದಪ್ರಿಯನೆಂಬರು, ವೇದಪ್ರಿಯನೆಂಬರು, ಎರಡೂ ಅಲ್ಲ. ನಾದವನ್ನು ನುಡಿಸಿದ ರಾವಣನಿಗೆ ಆಯುಷ್ಯವು ಅರ್ಧವಾಯಿತು, ವೇದವನ್ನೋದಿದ ಬ್ರಹ್ಮನಿಗೆ ಶಿರಸ್ಸು ಹೋಯಿತು, ಶಿವನು ಭಕ್ತಿಪ್ರಿಯ. ಮೊದಲ ವಚನವನ್ನೂ ಇದನ್ನೂ ಬೇರೆ ಬೇರೆಯಾಗಿ ಓದಿದವರಿಗೆ ಇಲ್ಲಿ ವಿರೋಧ ತೋರುವುದು. ಒಮ್ಮೆ ಮೈಯನ್ನೇ ವೀಣೆಮಾಡೆಂದವರು ಇನ್ನೊಮ್ಮೆ ನಾದವನ್ನೇ ಒಲ್ಲೆನೆನ್ನುವುದೇಕೆ? ರಾವಣನ ಕಥೆಯನ್ನು ಎರಡರ ನಡುವೆ ಇಟ್ಟು ಓದಿದರೆ ವಿರೋಧವು ಪರಿಹಾರವಾಗುವುದು. ನಿರಾಕೃತವಾದುದು ನಾದವಲ್ಲ, ನಾದದಿಂದ ಫಲವನ್ನು ಖಂಡಿತವಾಗಿ ಪಡೆಯಬಹುದೆಂಬ ಯಂತ್ರವಾದ. ತಂತಿಯನ್ನು ಹೀಗೆ ಮೀಟಿದರೆ ದೇವನು ಹೀಗೆ ಒಲಿಯುವನೆಂಬ ಲೆಕ್ಕವೂ, ರಾಗವನ್ನು ಹೀಗೆ ಕೇಳಿಸಿದರೆ ನರವು ಹೀಗೆ ತಣಿಯುವುದೆಂಬ ಲೆಕ್ಕವೂ ಒಂದೇ ಜಾತಿಯವು.

೬

ಮೈಯ ಲಕ್ಷಣವು ರಸಕ್ಕೆ ಸಾಕ್ಷಿಯೆ, ತೀರ್ಪುಗಾರನೆ? ಈ ಪ್ರಶ್ನೆಯನ್ನು ಇತ್ಯರ್ಥಪಡಿಸದೆ ಲೇಖನವನ್ನು ಮುಗಿಸಲಾಗದು. ಹುಮನಾಬಾದಿನ ಸುತ್ತುಮುತ್ತಲೇ ಇದಕ್ಕೆ ದೃಷ್ಟಾಂತಗಳಿವೆ.

ಹುಮನಾಬಾದಿನ ವೀರಭದ್ರೇಶ್ವರನ ಗುಡಿಯು ಈ ಪ್ರಾಂತದಲ್ಲೆಲ್ಲ ಹೆಸರಾದುದು. ಉತ್ತರ ಕರ್ನಾಟಕದಲ್ಲಿ ವೀರಭದ್ರನ ಉತ್ಸವಗಳೊಡನೆ ನಡೆದುಬಂದಿರುವ ಪುರವಂತಿಕೆಯಲ್ಲಿ ಚರ್ಮವಾದ್ಯದ ದ್ರುತಗತಿಗೆ ಒಡಪುಗಳನ್ನು ಹೇಳುವರು, ಶಸ್ತ್ರ ಧರಿಸುವರು, ನೋಡುವವರ ಮೈ ಜುಮ್ಮೆನ್ನುವುದು. ಹುಮನಾಬಾದಿಗೆ ಸೇರಿದಂತಿರುವ ಮಾಣಿಕನಗರದಲ್ಲಿ, ಮರಾಠಿ, ಕನ್ನಡ, ಹಿಂದುಸ್ತಾನಿ ಮೊದಲಾದ ಭಾಷೆಗಳಲ್ಲಿ ಪದಗಳನ್ನು ರಚಿಸಿದ ಮಾಣಿಕಪ್ರಭುಗಳ (೧೮೧೭–೧೮೬೫) ಸನ್ನಿಧಿಯಲ್ಲಿ ಭಜನೆಯ ಪರಂಪರೆಯುಂಟು. ಮಾರ್ಗಶಿರದ ದತ್ತಜಯಂತಿಯ ಉತ್ಸವಕ್ಕೆ ಗಾಯಕರು ಬರುವರು. ಅಲ್ಲಿಯೂ ಕೇಳುವವರಿಗೆ ಪುಲಕವುಂಟು. ಎರಡು ಎಡೆಗಳಲ್ಲಿಯೂ ಕೇಳುವವನ ಅಂಗೈಗೆ ಬೆವರನ್ನು ಅಳೆಯುವ ಯಂತ್ರವನ್ನು ಕಟ್ಟಿದರೆ ಸೂಚಿಯು ಎರಡು ಸಾರಿಯೂ ಏರಬಹುದು. ಒಂದರಲ್ಲಿ ಭಯಮಿಶ್ರವಾದ ಅದ್ಭುತ, ಇನ್ನೊಂದರಲ್ಲಿ ಪ್ರಸನ್ನವಾದ ಭಕ್ತಿ ಎಂಬ ಭೇದವನ್ನು ಸೂಚಿಯು ಹೇಳದು. ರೋಮವನ್ನು ನಿಮಿರಿಸುವ ನರಕ್ಕೆ ಚಳಿಯೂ ಒಂದೇ, ಹುಲಿಯೂ ಒಂದೇ, ಹಾಡೂ ಒಂದೇ. ಭರತನೂ ರೋಮಾಂಚಕ್ಕೆ ಶೀತ, ಭಯ, ಹರ್ಷ, ಕ್ರೋಧ ಎಂದು ಹಲವು ಕಾರಣಗಳನ್ನು ಹೇಳಿ, ಯಾವ ಸಾತ್ತ್ವಿಕವನ್ನೂ ಒಂದೇ ರಸಕ್ಕೆ ಕಟ್ಟಿಹಾಕಲಿಲ್ಲ.

ಇನ್ನೊಂದು ಕಡೆಯಿಂದಲೂ ಈ ಸಾಕ್ಷಿ ಸಡಿಲವಾದುದು. ಹದಿನಾರನೆಯ ಶತಮಾನದ ರೂಪಗೋಸ್ವಾಮಿಯು ಸಾತ್ತ್ವಿಕಗಳನ್ನು ಅತಿಯಾಗಿ ಗೌರವಿಸಿದ ಭಕ್ತಿಶಾಸ್ತ್ರಕಾರ. ಆತನೇ ಸಾತ್ತ್ವಿಕಾಭಾಸಗಳಲ್ಲಿ ನಿಃಸತ್ತ್ವವೆಂಬ ಬಗೆಯನ್ನು ಎಣಿಸಿ, ಒಳಗೆ ಏನೂ ಇಲ್ಲದೆ ಸ್ವಭಾವದ ಸಡಿಲತೆಯಿಂದಲೋ ಅಭ್ಯಾಸದಿಂದಲೋ ಬರುವ ಕಣ್ಣೀರು ಪುಲಕಗಳನ್ನು ಅದರಲ್ಲಿ ಸೇರಿಸಿದನು. ಕಣ್ಣೀರು ಬಂದವರೆಲ್ಲರೂ ರಸಿಕರಲ್ಲ, ಬಾರದವರೆಲ್ಲರೂ ಅರಸಿಕರಲ್ಲ. ಸಂಗೀತದಿಂದ ಪುಲಕವೇ ಆಗದ ಜನರೂ ಲೋಕದಲ್ಲಿ ಇದ್ದಾರೆ. ಅವರಲ್ಲಿ ಒಳ್ಳೆಯ ಕೇಳುಗರು ಇರಬಾರದೆಂದು ಹೇಳಲು ಯಾವ ಪ್ರಮಾಣವೂ ಇಲ್ಲ.

ಆದಕಾರಣ ನನ್ನ ನಿರ್ಣಯವಿದು. ಗೀತವು ಇಚ್ಛೆಯನ್ನು ಮೀರಿ ಮೈಯನ್ನು ಮುಟ್ಟುವುದು ಸತ್ಯ. ಶಾಸ್ತ್ರವೂ ಅದನ್ನು ಕಂಡಿತು, ವಿಜ್ಞಾನವೂ ಅದನ್ನು ಅಳೆಯಿತು. ಆದರೆ ಮೈಯ ಮಿಡಿತವು ರಸದ ಕುರುಹು, ರಸದ ತೂಕವಲ್ಲ. ವಿಜ್ಞಾನದ ಅಂಕಿಗಳಿಂದ ರಸಸಿದ್ಧಾಂತವು ಸಿದ್ಧವಾಯಿತೆನ್ನುವುದೂ ಬಿದ್ದಿತೆನ್ನುವುದೂ ಸಮಾನವಾಗಿ ಅಸಂಗತ. ಆ ಅಂಕಿಗಳು ಉತ್ತರಿಸುವ ಪ್ರಶ್ನೆಯೇ ಬೇರೆ. ಲಾಕ್ಷಣಿಕರಿಗೆ ಗೌರವ ಸಲ್ಲಬೇಕಾದುದು ಅವರು ನರಗಳನ್ನು ಬಲ್ಲವರಾಗಿದ್ದರೆಂಬುದಕ್ಕಲ್ಲ. ಕೇಳುವವನ ಪುಲಕವನ್ನು ಸಿದ್ಧಿಯ ಲಕ್ಷಣವಾಗಿ ಎಣಿಸಿಯೂ, ಅದನ್ನೇ ಸಿದ್ಧಿಯೆಂದು ಭ್ರಮಿಸದೆ ಇದ್ದುದಕ್ಕೆ.

ಅಧ್ಯಾಪಕರಲ್ಲಿ ಒಂದು ವಿಜ್ಞಾಪನೆ. ಸಾತ್ತ್ವಿಕಭಾವಪ್ರಕರಣವನ್ನು ಬೋಧಿಸುವಾಗ ಏಳನೆಯ ಅಧ್ಯಾಯದೊಡನೆ ಇಪ್ಪತ್ತೇಳನೆಯದನ್ನೂ ಓದಿಸತಕ್ಕುದು. ಪ್ರತಿಯೊಂದು ಉದಾಹರಣೆಯಲ್ಲಿಯೂ ಇದು ಯಾರ ಮೈ, ಹಾಡುವವನದೋ, ಪಾತ್ರದ್ದೋ, ಕೇಳುವವನದೋ ಎಂದು ವಿದ್ಯಾರ್ಥಿಯನ್ನು ಪ್ರಶ್ನಿಸತಕ್ಕುದು. ಕಾಯವನ್ನು ದಂಡಿಗೆಮಾಡುವ ವಚನವನ್ನು ನಾದಪ್ರಿಯನಲ್ಲವೆಂಬ ವಚನದೊಡನೆಯೇ ಬೋಧಿಸತಕ್ಕುದು. ಒಂದನ್ನು ಬಿಟ್ಟು ಇನ್ನೊಂದನ್ನು ಬೋಧಿಸಿದರೆ ಎರಡರ ಅರ್ಥವೂ ಕೆಡುವುದು. ಮಾನಸೋಲ್ಲಾಸದ ಗೀತವಿನೋದಕ್ಕೂ ಸಂಗೀತಚೂಡಾಮಣಿಗೂ ವಿವರಣೆಯೊಡಗೂಡಿದ ಕನ್ನಡ ಅನುವಾದವು ಪ್ರತಿಯೊಂದು ವಿದ್ಯಾಲಯದ ಅಧ್ಯಾಪಕನ ಕೈಯಲ್ಲಿಯೂ ಇರುವಂತಾದರೆ, ಕಲ್ಯಾಣದ ವಚನಗಳನ್ನು ಅವು ಹುಟ್ಟಿದ ಊರಿನ ನಾದದ ನಡುವೆ ಇಟ್ಟು ಓದುವುದು ಸಾಧ್ಯವಾದೀತು. ಈ ಕಾರ್ಯಕ್ಕೆ ಶಕ್ತರಾದವರು ಕೈಹಾಕಬೇಕೆಂದೂ, ಮೇಲೆ ನಿರೂಪಿಸಿದ ವಾದದಲ್ಲಿ ಕೊರತೆ ಕಂಡರೆ ವಿದ್ವಾಂಸರು ಇದೇ ಪುಟಗಳಲ್ಲಿ ಚರ್ಚಿಸಬೇಕೆಂದೂ ಪ್ರಾರ್ಥನೆ.